ಏನೂ ಗೊತ್ತಿಲ್ಲದ ಬೆರಳಣ್ಣ

ಕಂಪ್ಯೂಟರ್ ಹಾಕಿ ಕುರ್ಚಿ ಮುಂದಕ್ಕೆ ಎಳೆದುಕೊಳ್ಳುವಷ್ಟರಲ್ಲಿ ಪರದೆಯ ಮೇಲೆ ಕೆಂಪು ಪೆಟ್ಟಿಗೆಯೊಂದು ಧುತ್ತೆಂದು ಎದ್ದು ನಿಂತಿತು. ‘ಎಚ್ಚರಿಕೆ! ನೀವು ಒತ್ತುವ ಪ್ರತಿಯೊಂದು ಕೀಲಿಯನ್ನೂ ಗಮನಿಸುತ್ತಿದ್ದ ಅಪಾಯಕಾರಿ ಪ್ರೋಗ್ರಾಂ ಪತ್ತೆಯಾಗಿದೆ. ಅದನ್ನು ತೆಗೆದುಹಾಕಲಾಗಿದೆ.’

ಮುದ್ರಣಾಲಯವೊಂದರಲ್ಲಿ ಟೈಪ್ ಮಾಡುವ ಬೆರಳಣ್ಣ ತಲೆಯ ಮೇಲೆ ಕೈಯಿಟ್ಟುಕೊಂಡ. ಆಂಟಿವೈರಸ್ ಹೊರಗೆ ಹಾಕಿದ್ದು ಕಳ್ಳನನ್ನಲ್ಲ, ಮನೆಮಗನನ್ನು. ನಮ್ಮ ಭಾಷೆಯ ಅಕ್ಷರ ಮೂಡಿಸುವ ಪ್ರೋಗ್ರಾಂ ಅದು. ಆ ಮುದ್ರಣಾಲಯದಲ್ಲಿ ಅದು ಇದ್ದದ್ದು ಅವನ ಕಂಪ್ಯೂಟರಿನಲ್ಲಿ ಮಾತ್ರ. ಅದಿಲ್ಲದೆ ಅವನು ಕೂತರೆ ಕತ್ತರಿಯಿಲ್ಲದ ಕ್ಷೌರಿಕ ಕೂತ ಹಾಗೆ.

ಅದೂ ಇವತ್ತೇ! ಸಹಕಾರ ಸಂಘದ ವಾರ್ಷಿಕ ವರದಿ ಸಂಜೆಯೊಳಗೆ ಮುಗಿಸಿದರೆ ನಾಳೆ ರಜೆ ಎಂದು ಮ್ಯಾನೇಜರ್ ಒಪ್ಪಿದ್ದ. ನಾಳೆ ಮಗಳ ಶಾಲೆಯಲ್ಲಿ ನಾಟಕ. ಅವಳು ಮೊಸಳೆ. ಹೋದ ವರ್ಷ ಅವಳು ಮೋಡವಾಗಿದ್ದಾಗ ಅಪ್ಪ ಬಂದಿರಲಿಲ್ಲ, ಅದರ ಹಿಂದಿನ ವರ್ಷ ಆಮೆಯಾಗಿದ್ದಾಗಲೂ ಬಂದಿರಲಿಲ್ಲ. “ಈ ಸಲ ಬರದಿದ್ರೆ ವೇದಿಕೆಯಿಂದ ಇಳಿದು ಬಂದು ಕಚ್ತೀನಿ” ಎಂದು ಬೆಳಗ್ಗೆ ಹಲ್ಲುಜ್ಜುತ್ತಲೇ ಹೇಳಿದ್ದಳು.

ಆಂಟಿವೈರಸ್ ಕಂಪನಿಗೆ ಫೋನ್ ಮಾಡಿದ. ಆ ಕಡೆಯ ಹುಡುಗಿ ತಾಳ್ಮೆಯಿಂದ ಕೇಳಿಸಿಕೊಂಡಳು. “ನಂಬಿಕಸ್ತ ಪ್ರೋಗ್ರಾಂನೂ ಕೆಲವು ಸಲ ತಪ್ಪಾಗಿ ಹಿಡಿದುಬಿಡುತ್ತೆ ಸಾರ್. ಫೈಲ್ ಕಳಿಸಿ, ಪರೀಕ್ಷೆ ಮಾಡಿ ಸಂಜೆಯೊಳಗೆ ತಿಳಿಸ್ತೀವಿ. ಅಲ್ಲಿವರೆಗೂ ಅದನ್ನ ಮುಟ್ಟಬೇಡಿ.”

“ಏನದು ಕೆಂಪಗೆ?” ಎಂದು ಹಿಂದಿನಿಂದ ಧ್ವನಿ ಬಂತು. ಲೆಕ್ಕ ನೋಡಿಕೊಳ್ಳುವ ಅಕ್ಕ. ಓದಿದಳು. ಮುಖ ಬಿಳಿಚಿಕೊಂಡಿತು. “ಪ್ರತಿ ಕೀಲಿ ಗಮನಿಸುತ್ತಾ? ಅಂದ್ರೆ ಇಲ್ಲಿ ಕೂತು ಯಾರು ಏನು ಬರೆದ್ರೂ...?”

“ಕೀಲಿ ನೋಡದೆ ಅಕ್ಷರ ಹೇಗಕ್ಕಾ ಮೂಡುತ್ತೆ? ಅದರ ಕೆಲಸಾನೇ ಅದು. ಏನೂ ಇಟ್ಕೊಳಲ್ಲ. ನಂಗೇನೂ ಗೊತ್ತಿಲ್ಲ.”

“ಗೊತ್ತಿಲ್ಲ” ಎಂದು ಅವನು ಹೇಳಿದ ರೀತಿಯಲ್ಲೇ ಎಲ್ಲ ಗೊತ್ತಿದೆಯೆಂದು ಅಕ್ಕನಿಗೆ ಖಾತ್ರಿಯಾಯಿತು. ಊಟದ ಬಿಡುವಿನಲ್ಲಿ ಅವನ ಕುರ್ಚಿಯಲ್ಲಿ ಕೂತು ಸ್ವಂತ ಬರವಣಿಗೆ ಮಾಡಿಕೊಳ್ಳದವರು ಆ ಕಟ್ಟಡದಲ್ಲಿ ಯಾರೂ ಇರಲಿಲ್ಲ.

ಬೆರಳಣ್ಣ ಕೂತಲ್ಲೇ ಕಾಲು ಕುಣಿಸಿದ, ಎದ್ದ, ನೀರು ಕುಡಿದ, ಮೇಲ್ ಬಂತೇ ಎಂದು ನೋಡಿದ, ಮತ್ತೆ ಎದ್ದ. ನೀರಿನ ಡ್ರಮ್ಮಿನ ಹತ್ತಿರ ಅಕ್ಕ ಅಡ್ಡ ಹಾಕಿದಳು.

“ನೋಡಪ್ಪಾ, ಮ್ಯಾನೇಜರ್ ಮಧ್ಯಾಹ್ನ ಪೇಪರ್ ರೋಲಿನ ಹಿಂದೆ ಮಲಗ್ತಾರೆ ಅಂತ ಪ್ರೆಸ್ಸಿನ ಯಜಮಾನ್ರಿಗೆ ಹೆಸರಿಲ್ಲದೆ ಬರೆದವಳು ನಾನೇ. ಆದ್ರೆ ಗೊರಕೆ ವಿಷಯ ನಾನು ಸೇರಿಸಿಲ್ಲ, ದೇವರಾಣೆ!”

“ಅಕ್ಕಾ, ನಂಗೆ ಹೇಳ್ಬೇಡಿ...”

“ಆಯ್ತು, ಹೇಳಲ್ಲ. ನೀನೂ ಹೇಳ್ಬೇಡ.” ಅವನ ಕೈಗೆ ಬಿಸ್ಕತ್ತಿನ ಪೊಟ್ಟಣವೊಂದನ್ನು ತುರುಕಿ ಸರಸರನೆ ಹೋದಳು.

ಪೊಟ್ಟಣ ಬಿಚ್ಚುವ ಮೊದಲೇ, ಕೆಂಪು ಪೆಟ್ಟಿಗೆಯ ಸುದ್ದಿ ಕೇಳಿದ್ದ ಕರಡು ತಿದ್ದುವ ಮೇಷ್ಟ್ರು ಕನ್ನಡಕ ಒರೆಸುತ್ತ ಪಕ್ಕಕ್ಕೆ ಬಂದರು. “ಎದುರು ರಸ್ತೆಯ ಪ್ರೆಸ್ಸಿಗೆ ನಾನು ಅರ್ಜಿ ಹಾಕಿದ್ದನ್ನ ನೋಡಿದೀಯ ಅಂತ ಗೊತ್ತು ಕಣಯ್ಯಾ. ಅದು ಹೋಗ್ಲಿ. ಅದರಲ್ಲಿದ್ದ ಕಾಗುಣಿತದ ತಪ್ಪುಗಳನ್ನ ಮಾತ್ರ ಯಾರಿಗೂ ಹೇಳ್ಬೇಡ. ಕನ್ನಡಕ ಮರೆತು ಬಂದಿದ್ದೆ.”

“ಮೇಷ್ಟ್ರೇ, ನಿಜವಾಗ್ಲೂ ನಂಗೇನೂ...”

“ಅಬ್ಬಾ, ಎಂಥ ಗಟ್ಟಿ ಹೊಟ್ಟೆಯೋ ನಿಂದು!” ಎಂದು ಬೆನ್ನು ತಟ್ಟಿದರು.

ಬೇಡಬೇಡವೆಂದರೂ ಗುಟ್ಟುಗಳು ಮಳೆಗಾಲದ ಕೊಡೆಗಳ ಹಾಗೆ ಅವನ ಮೂಲೆಯಲ್ಲಿ ಬಂದು ಒರಗಿಕೊಳ್ಳತೊಡಗಿದವು. ಹೊತ್ತು ಇಳಿಯುವಾಗ ಮ್ಯಾನೇಜರೇ ಒಳಗೆ ಕರೆದು ಬಾಗಿಲು ಹಾಕಿಕೊಂಡ.

“ಎಷ್ಟು ತಿಂಗಳಿಂದ ಗೊತ್ತು ನಿಂಗೆ?”

“ಏನು ಸಾರ್?”

“ನಾಟಕ ಆಡ್ಬೇಡ. ಮಾಸಪತ್ರಿಕೆಯಲ್ಲಿ ‘ಅತ್ತೆಗೆ ಹೆದರುವ ಅಳಿಯ’ ಅನ್ನೋ ಹೆಸರಲ್ಲಿ ಸಲಹೆ ಕೇಳ್ತಾನಲ್ಲ ಒಬ್ಬ... ಊಟದ ಹೊತ್ತಲ್ಲಿ ನೀವೆಲ್ಲ ಗಟ್ಟಿಯಾಗಿ ಓದಿ ಬಿದ್ದು ಬಿದ್ದು ನಗ್ತೀರಲ್ಲ...” ಮ್ಯಾನೇಜರ್ ಕತ್ತು ಬಗ್ಗಿಸಿದ. “ನಮ್ಮತ್ತೆ ನಮ್ಮನೇಲೇ ಇದಾರಪ್ಪ. ನಾನು ಇನ್ಯಾರಿಗೆ ಹೇಳ್ಕೊಳ್ಳಲಿ?”

ಬೆರಳಣ್ಣನಿಗೆ ನಿಜಕ್ಕೂ ಕನಿಕರವಾಯಿತು. “ನಾನು ಯಾರಿಗೂ ಹೇಳಲ್ಲ ಸಾರ್.”

“ವರದಿ ಹಾಳಾಗ್ಲಿ ಬಿಡು, ಆಮೇಲೆ ನೋಡೋಣ. ನಾಳೆ ರಜೆ ತಗೋ. ಮಗಳ ನಾಟಕ ಅಲ್ವಾ? ಹೋಗು, ಮುಂದಿನ ಸಾಲಲ್ಲೇ ಕೂತ್ಕೋ.”

ಬೆರಳಣ್ಣ ಗಾಳಿಯಲ್ಲಿ ತೇಲುತ್ತ ಹೊರಗೆ ಬಂದ. ಮನೆಗೆ ಫೋನ್ ಹಚ್ಚಿ, “ಮೊಸಳೆಮರೀ, ಬರ್ತಿದೀನಿ ಕಣೇ!” ಎಂದ. ಆ ಕಡೆ ಮಗಳು ಕಿರುಚಿದ ರಭಸಕ್ಕೆ ಫೋನನ್ನು ಕಿವಿಯಿಂದ ಮೊಳದೂರ ಹಿಡಿಯಬೇಕಾಯಿತು.

ಆಗಲೇ ಕಂಪನಿಯ ಮೇಲ್ ಬಂತು. ಓದಿದವನಿಗೆ ಸಂತೋಷ ತಡೆಯಲಾಗಲಿಲ್ಲ. ಪಾಪ, ಬೆಳಗ್ಗೆಯಿಂದ ಎಲ್ಲರೂ ಒದ್ದಾಡುತ್ತಿದ್ದಾರೆ, ಈಗಲಾದರೂ ನೆಮ್ಮದಿಯಾಗಿ ಮನೆಗೆ ಹೋಗಲಿ! ಎದ್ದು ನಿಂತು ಗಟ್ಟಿಯಾಗಿ ಓದಿದ: “‘ನೀವು ಕಳಿಸಿದ ಪ್ರೋಗ್ರಾಂನಲ್ಲಿ ಯಾವ ದೋಷವೂ ಇಲ್ಲ. ಅದು ಯಾರ ಬರವಣಿಗೆಯನ್ನೂ ಎಲ್ಲಿಯೂ ಉಳಿಸಿಕೊಳ್ಳುವುದಿಲ್ಲ. ನಮ್ಮಿಂದಾದ ತಪ್ಪಿಗೆ ಕ್ಷಮೆಯಿರಲಿ.’ ಕೇಳಿಸ್ತಾ? ನಾನು ಹೇಳ್ಲಿಲ್ವಾ!”

ಯಾರೂ ಚಪ್ಪಾಳೆ ತಟ್ಟಲಿಲ್ಲ.

“ಅಂದ್ರೆ,” ಅಕ್ಕ ನಿಧಾನವಾಗಿ ಕೇಳಿದಳು, “ನಿಂಗೆ ಏನೂ ಗೊತ್ತಿರ್ಲಿಲ್ವಾ?”

“ಇಲ್ಲಕ್ಕಾ! ಬೆಳಗ್ಗೆಯಿಂದ ಅದನ್ನೇ ಬಡ್ಕೊಳ್ತಿದೀನಲ್ಲ!”

“ಈಗ?” ಎಂದರು ಮೇಷ್ಟ್ರು.

ಬೆರಳಣ್ಣ ಬಾಗಿಲ ಕಡೆ ತಿರುಗಿದ.

ಮ್ಯಾನೇಜರ್ ಬಾಗಿಲಲ್ಲಿ ನಿಂತಿದ್ದ. ಮುಖ ಬೆಳಗಿನ ಪೆಟ್ಟಿಗೆಗಿಂತ ಕೆಂಪಗಿತ್ತು. “ಪ್ರೋಗ್ರಾಂ ಸರಿಯಿದೆ ತಾನೆ? ಹಾಗಾದ್ರೆ ವರದಿಗೇನು ಅಡ್ಡಿ? ನಾಳೆ ಬಾ. ಮುಗಿಸು. ರಜೆ ಗಿಜೆ ಏನೂ ಇಲ್ಲ.”

ಅಕ್ಕ ಬಂದು ಮೇಜಿನ ಮೇಲಿದ್ದ ಬಿಸ್ಕತ್ತಿನ ಪೊಟ್ಟಣವನ್ನು ವಾಪಸ್ ಎತ್ತಿಕೊಂಡು ಹೋದಳು.

ಬೆರಳಣ್ಣ ಮೂಲೆಗೆ ಸರಿದು, ಕೈಯಿಂದ ಬಾಯಿ ಮರೆಮಾಡಿಕೊಂಡು ಮತ್ತೆ ಆಂಟಿವೈರಸ್ ಕಂಪನಿಗೆ ಫೋನ್ ಹಚ್ಚಿದ.

“ಅಮ್ಮಾ, ಬೆಳಗ್ಗೆ ಮಾತಾಡಿದ್ದೆನಲ್ಲ, ಅವನೇ. ನಿಮ್ಮ ಪರೀಕ್ಷೆ ಸ್ವಲ್ಪ ಅವಸರದಲ್ಲಾಯ್ತೇನೋ. ಇನ್ನೊಂದ್ಸಲ ನೋಡಿ. ಅದರಲ್ಲಿ ಖಂಡಿತ ವೈರಸ್ ಇದೆ.”

“ಇಲ್ಲ ಸಾರ್, ತಪ್ಪು ನಮ್ಮದೇ ಅಂತ ಒಪ್ಕೊಂಡಿದೀವಲ್ಲ.”

“ಇಷ್ಟು ಬೇಗ ಒಪ್ಕೊಂಡ್ರೆ ಹೇಗಮ್ಮಾ?” ಬೆರಳಣ್ಣನ ಧ್ವನಿ ಅಳುವಂತಾಗಿತ್ತು. “ನಾಡಿದ್ದಿನವರೆಗಾದ್ರೂ ಒಂಚೂರು ಹಟ ಹಿಡೀರಿ!”