ಮೂವತ್ತೇಳನೇ ಆವರ್ತವನ್ನು ಕೈಬಿಡುವ ಬಗ್ಗೆ

ವೆಸ್ಟರ್‌ಶೋ ಚರ್ಚ್ ವಾದ್ಯವೃಂದ ಸಮಿತಿ
(ಉತ್ತರ ಸ್ವೀಡನ್ನಿನಲ್ಲೇ ಅತಿ ದೊಡ್ಡದು; ಸದಸ್ಯರು ಹನ್ನೊಂದು)

ಸಂಖ್ಯೆ: ವೆಚವಾಸ/ಟ್ರಾಂಬೋನ್/37
ದಿನಾಂಕ: 20ನೇ ಡಿಸೆಂಬರ್

ಸುತ್ತೋಲೆ

ವಿಷಯ: ಕ್ರಿಸ್‌ಮಸ್ ಬೆಳಗಿನ ವಾದನದಲ್ಲಿ ಹೊಸ ಸದಸ್ಯ ಶ್ರೀ ಹಿಲ್ದಿಂಗ್ ನೂರ್‌ಗ್ರೆನ್ ಅವರ ಸ್ವರವನ್ನು ಕ್ರಮಬದ್ಧಗೊಳಿಸುವ ಬಗ್ಗೆ.

ಉಲ್ಲೇಖ: 1. ದಿನಾಂಕ 18ರ ತಾಲೀಮು.
2. ಅಂದು ಕೇಳಿಬಂದ ಸದ್ದು.

ಪ್ರಸ್ತಾವನೆ:

ರಸ್ತೆಯ ಹಿಮ ತಳ್ಳುವ ಗಾಡಿಯ ಚಾಲಕರಾದ ಸದರಿಯವರು, ಮೂವತ್ತು ವರ್ಷ ಗ್ಯಾರೇಜಿನಲ್ಲಿ ಮಲಗಿದ್ದ ಟ್ರಾಂಬೋನನ್ನು ಎಬ್ಬಿಸಿಕೊಂಡು ಕಳೆದ ಅಕ್ಟೋಬರಿನಲ್ಲಿ ವೃಂದಕ್ಕೆ ಸೇರಿರುತ್ತಾರೆ. ಕೊನೆಯ ಕೃತಿಯಲ್ಲಿ ಅವರ ಪಾಲಿಗಿರುವುದು ಒಂದೇ ಸ್ವರ. ಐವತ್ತೆಂಟು ಆವರ್ತ ಸುಮ್ಮನೆ ಕೂತು, ಐವತ್ತೊಂಬತ್ತನೆಯದಕ್ಕೆ ಎಲ್ಲರೊಂದಿಗೆ ಊದತಕ್ಕದ್ದು. ಉಲ್ಲೇಖ (1)ರಂದು ಅವರು ಒಂದು ಆವರ್ತ ಮೊದಲೇ ಊದಿದರು. ಆಗ ಶ್ರೀಮತಿ ಯೆರ್ದ್ ಸುಂದೆಲಿನ್ (ವಯಸ್ಸು 81) ಅವರ ಪಿಟೀಲೊಂದೇ ಮೆಲ್ಲಗೆ ನುಡಿಯುತ್ತಿತ್ತು. ಪರಿಣಾಮವಾಗಿ ಮುನ್ನೂರು ವರ್ಷದ ಧೂಳು ತೊಲೆಗಳಿಂದ ಕೆಳಗಿಳಿದಿದೆ, ಗೋಪುರದ ಕಾಗೆಗಳು ನಾರ್ವೆಗೆ ವಲಸೆ ಹೋಗಿವೆ, ಸರೋವರದಾಚೆಯ ಎಲ್ಕ್ ಎಂಬ ದೊಡ್ಡ ಕಾಡುಜಿಂಕೆಯೊಂದು ಪ್ರೀತಿಯಿಂದ ಉತ್ತರಿಸಿದೆ. ಸಮಿತಿಯು ಇಲ್ಲಿ ಏನನ್ನೂ ಉತ್ಪ್ರೇಕ್ಷಿಸಿರುವುದಿಲ್ಲ.

ತರುವಾಯ ಸದರಿಯವರು ಟ್ರಾಂಬೋನನ್ನು ಕೋಟು ತೂಗುಹಾಕುವ ಕೋಣೆಯಲ್ಲೇ ಬಿಟ್ಟು, "ಹಿಮ ತಳ್ಳೋ ಕೈ ಇದು. ನನಗ್ಯಾಕೆ ಬೇಕಿತ್ತು ಈ ಶೋಕಿ? ಇನ್ನು ಬರಲ್ಲ" ಎಂದು ಹೇಳಿಕೆ ನೀಡಿರುತ್ತಾರೆ. ಟೋಪಿಯ ಧೂಳು ಕೊಡವುತ್ತಿದ್ದ ಶ್ರೀಮತಿ ಯೆರ್ದ್ ಅವರು, "ನಲವತ್ತು ವರ್ಷದಿಂದ ನಾನೂ ತಪ್ಪೇ ನುಡಿಸ್ತಿದ್ದೀನಿ ಕಣೋ ಹಿಲ್ದಿಂಗ್. ನಿಂದು ಕೇಳಿಸ್ತು, ಅಷ್ಟೇ" ಎಂದು ಉತ್ತರಿಸಿದ್ದು ಕಡತದಲ್ಲಿದೆ. ಆದರೂ ಸದರಿಯವರು ಕಾಫಿ ಕುಡಿಯದೆ ಹೊರಟುಹೋದರು. ಈ ಚರ್ಚಿನಿಂದ ಕಾಫಿ ಕುಡಿಯದೆ ಹೋದವರು ಇದುವರೆಗೆ ಶವಪೆಟ್ಟಿಗೆಯಲ್ಲಿ ಹೋದವರು ಮಾತ್ರ.

ಮರುದಿನ ತ್ರಿಸದಸ್ಯ ತನಿಖಾ ತಂಡವು ಅವರ ಗಾಡಿಯಲ್ಲೇ ಕೂತು ವಿಚಾರಣೆ ನಡೆಸಿತು. ಹಿಮದಲ್ಲಿ ದಾರಿ ತಿಳಿಯಲೆಂದು ಚರ್ಚ್ ರಸ್ತೆಯ ಬದಿಗೆ ನೆಟ್ಟ ಕೋಲುಗಳನ್ನು ಎಣಿಸುವಂತೆಯೇ ಅವರು ಆವರ್ತಗಳನ್ನೂ ಎಣಿಸುತ್ತಾರೆ. ಮೂವತ್ತೇಳನೇ ಕೋಲನ್ನು ಹೋದ ಚಳಿಗಾಲದಲ್ಲಿ ಹಾಲಿನ ಲಾರಿಯೊಂದು ಮುರಿದುಹಾಕಿದೆ. ಅಂದಿನಿಂದ ಅವರ ಲೆಕ್ಕ ಮೂವತ್ತಾರರಿಂದ ಮೂವತ್ತೆಂಟಕ್ಕೆ ಹಾರುತ್ತದೆ.

ಆದುದರಿಂದ ಎಲ್ಲರಿಗೂ ತಿಳಿಯಪಡಿಸುವುದೇನೆಂದರೆ:

1. ಹೊಸ ಕೋಲು ನೆಡಲು ರಸ್ತೆ ಕಚೇರಿಯನ್ನು ಕೋರಲಾಗಿತ್ತು. ನೆಲ ಹೆಪ್ಪುಗಟ್ಟಿರುವುದರಿಂದ ಮೇ ತಿಂಗಳವರೆಗೆ ಸಾಧ್ಯವಿಲ್ಲವೆಂದು ಉತ್ತರ ಬಂದಿದೆ. ಕ್ರಿಸ್‌ಮಸ್ಸನ್ನು ಮೇ ತಿಂಗಳಿಗೆ ಮುಂದೂಡುವ ಪ್ರಸ್ತಾವವನ್ನು ಪಾದ್ರಿಗಳು ಪರಿಶೀಲಿಸಿ ತಿರಸ್ಕರಿಸಿದ್ದಾರೆ.

2. ಸದರಿಯವರಿಗೆ ಬೇರೆ ರೀತಿಯಲ್ಲಿ ಎಣಿಸಲು ಯಾರೂ ಕಲಿಸತಕ್ಕದ್ದಲ್ಲ. ವಿಚಾರಣೆಯ ವೇಳೆ ಕಲಿಸಲು ಹೋದ ಸೆಲ್ಲೋ ವಾದಕರು ಈಗ ತಾವೂ ಕೋಲುಗಳನ್ನೇ ಎಣಿಸುತ್ತಿದ್ದಾರೆ.

3. ಇಡೀ ವಾದ್ಯವೃಂದವು ಮೂವತ್ತೇಳನೇ ಆವರ್ತವನ್ನು ಕೈಬಿಟ್ಟು, ಮೂವತ್ತಾರರಿಂದ ನೇರವಾಗಿ ಮೂವತ್ತೆಂಟಕ್ಕೆ ಹಾರತಕ್ಕದ್ದು. ಕೃತಿಕಾರರಿಂದ ನಿಗದಿತ ಅವಧಿಯೊಳಗೆ ಯಾವುದೇ ಆಕ್ಷೇಪಣೆ ಬಂದಿರುವುದಿಲ್ಲ. ಅವರು ತೀರಿಕೊಂಡು ನೂರೈವತ್ತು ವರ್ಷಗಳಾಗಿವೆ.

4. ಸದರಿಯವರ ಲೆಕ್ಕ ಮತ್ತೆ ಬದಲಾಗದಂತೆ, ಈ ಆದೇಶದ ನಂತರ ಮೂವತ್ತೇಳನೇ ಕೋಲಿನ ಜಾಗದಲ್ಲಿ ಯಾರೂ ಸದುದ್ದೇಶದಿಂದಲೂ ಕೋಲು, ಪೊರಕೆ ಅಥವಾ ಸ್ಕೀ ನೆಡತಕ್ಕದ್ದಲ್ಲ, ತಾವೇ ಹೋಗಿ ನಿಲ್ಲತಕ್ಕದ್ದೂ ಅಲ್ಲ. ನಿನ್ನೆ ಶ್ರೀಮತಿ ಯೆರ್ದ್ ಅವರು ಕೆಂಪು ಶಾಲು ಹೊದ್ದು ಅಲ್ಲಿ ನಲವತ್ತು ನಿಮಿಷ ಕೋಲಿನಂತೆ ನಿಂತಿದ್ದು ಕಂಡುಬಂದಿದ್ದು, ಎಚ್ಚರಿಕೆ ನೀಡಿ ಮನೆಗೆ ಬಿಡಲಾಗಿದೆ.

5. ಕ್ರಿಸ್‌ಮಸ್ ಬೆಳಿಗ್ಗೆ ಹಿಮ ಬಿದ್ದಲ್ಲಿ, ಸದರಿಯವರ ಗಾಡಿ ಗೇಟಿನ ಬಳಿ ನಿಲ್ಲುವವರೆಗೆ ಕೊನೆಯ ಕೃತಿಯನ್ನು ಆರಂಭಿಸತಕ್ಕದ್ದಲ್ಲ. ಅಲ್ಲಿಯವರೆಗೆ ಪಾದ್ರಿಗಳು ಪ್ರವಚನವನ್ನು ಎಳೆಯತಕ್ಕದ್ದು. ಪೂರ್ವಾನುಭವದಂತೆ ಇದಕ್ಕೆ ತರಬೇತಿಯ ಅಗತ್ಯ ಕಂಡುಬರುವುದಿಲ್ಲ.

6. "ಇನ್ನು ಬರಲ್ಲ" ಎಂಬ ಹೇಳಿಕೆಯನ್ನು ರಾಜೀನಾಮೆಯೆಂದು ಪರಿಗಣಿಸಲು ಬರುವುದಿಲ್ಲ. ನಿಯಮಾನುಸಾರ ರಾಜೀನಾಮೆಯನ್ನು ಕಾಫಿಯ ನಂತರವೇ ಸಲ್ಲಿಸತಕ್ಕದ್ದು.

(ಸಹಿ)
ಆಲ್ಗೊಟ್ ಬ್ಯೋರ್ಕ್‌ಮಾನ್
ಕಾರ್ಯದರ್ಶಿ ಹಾಗೂ ಎರಡನೇ ಕೊಳಲು
(ಮೊದಲನೇ ಕೊಳಲು ಇರುವುದಿಲ್ಲ)

ಪ್ರತಿಗಳು:
1. ಪಾದ್ರಿಗಳಿಗೆ, ಕಂಡಿಕೆ 5ರ ಜಾರಿಗಾಗಿ.
2. ರಸ್ತೆ ಕಚೇರಿಗೆ, ದಯವಿಟ್ಟು ಮೇ ತಿಂಗಳಲ್ಲೂ ನೆಡದಿರಲು.
3. ಸರೋವರದಾಚೆಯ ಎಲ್ಕ್‌ಗೆ, ಮಾಹಿತಿಗಾಗಿ.
4. ಶ್ರೀಮತಿ ಯೆರ್ದ್ ಸುಂದೆಲಿನ್ ಅವರಿಗೆ, ಬೆಚ್ಚಗಿರಲು.
5. ಶ್ರೀ ಹಿಲ್ದಿಂಗ್ ನೂರ್‌ಗ್ರೆನ್ ಅವರಿಗೆ, ಬಿಟ್ಟುಹೋದ ಟ್ರಾಂಬೋನ್ ಹಾಗೂ ಫ್ಲಾಸ್ಕಿನಲ್ಲಿ ಅಂದಿನ ಕಾಫಿ ಸಮೇತ.