ಅತ್ತೆಯವರನ್ನು ಕರೆಸಿದ್ದು

ಲ್ಯಾಪ್‌ಟಾಪ್ ರಿಪೇರಿ ಏನು ಮಹಾ! ಮಿಕ್ಸಿ, ಇಸ್ತ್ರಿಪೆಟ್ಟಿಗೆ ಎರಡನ್ನೂ ಬಿಚ್ಚಿದ ಅನುಭವ ನನಗಿತ್ತು. ಜೋಡಿಸಿದ ಅನುಭವ ಮಾತ್ರ ಇರಲಿಲ್ಲ.

ಮನೆಮನೆಗೂ ಡಿಜಿಟಲ್ ಕ್ಯಾಮೆರಾ ಬರುತ್ತಿದ್ದ ಕಾಲ ಅದು. ಚಾಮರಾಜಪುರಂನ ನಮ್ಮ ಮನೆಯಲ್ಲೊಂದು ಹಳೇ ಲ್ಯಾಪ್‌ಟಾಪ್ ಇತ್ತು. ಅದರೊಳಗೆ ನಮ್ಮತ್ತೆ ಇದ್ದರು. ಅಂದರೆ, ಅವರು ತೀರಿಕೊಳ್ಳುವ ಮುಂಚೆ ನಾನು ತೆಗೆದಿದ್ದ ಒಂದೇ ಒಂದು ಫೋಟೋ. ಕ್ಯಾಮೆರಾ ಕಂಡರೆ ಮುಖಕ್ಕೆ ಸೆರಗು ಎಳೆದುಕೊಳ್ಳುತ್ತಿದ್ದ ಅವರದು ಬೇರೆ ಫೋಟೋವೇ ಇರಲಿಲ್ಲ. ಅದನ್ನು ಪ್ರಿಂಟ್ ಹಾಕಿಸಿ, ವರ್ಷದ ಕಾರ್ಯದ ದಿನ ಹಾರ ಹಾಕಬೇಕೆಂದು ನನ್ನ ಹೆಂಡತಿ ಗಿರಿಜೆಯ ಆಸೆ.

ಸರಿಯಾಗಿ ಆಗಲೇ ಪರದೆ ಕೈಕೊಟ್ಟಿತು. ಮೊದಲು ಹಸಿರು ಗೆರೆಗಳು ಬಂದವು. ಆಮೇಲೆ ಫೋಟೋ ತೆರೆದರೆ ಅತ್ತೆಗೆ ನಾಲ್ಕು ಕಣ್ಣು! ನಾಲ್ಕೂ ನನ್ನನ್ನೇ ನೋಡುತ್ತಿದ್ದವು. ಮಾರನೆಯ ದಿನ ಪೂರ್ತಿ ಕತ್ತಲೆ.

"ಚಿತ್ರ ತೋರಿಸೋ ಗ್ರಾಫಿಕ್ಸ್ ಚಿಪ್ಪಿನ ಬೆಸುಗೆ ಬಿಟ್ಟಿದೆ ಸಾರ್. ಬಿಸಿ ಕೊಟ್ರೆ ಕೂತ್ಕೋಬಹುದು. ಇಟ್ಟು ಹೋಗಿ, ನೋಡೋಣ" ಎಂದರು ಅಂಗಡಿಯವರು. ಬಿಸಿ ತಾನೆ? ಅದಕ್ಕೆ ಅಂಗಡಿ ಯಾಕೆ! ವಾಪಸ್ ತಂದೆ.

"ಬೇಡ ಕಣ್ರೀ, ಅಮ್ಮನ ಮುಖ ಇರೋದು ಅದೊಂದರಲ್ಲೇ" ಎಂದಳು ಗಿರಿಜೆ.

"ನಿಮ್ಮಮ್ಮನ್ನ ಕರೆಸೋ ಜವಾಬ್ದಾರಿ ನಂದು" ಎಂದೆ. ಎಂಥ ಮಾತು ಆಡಿಬಿಟ್ಟೆ!

ಸಂಜೆ ಅವಳು ಪಕ್ಕದ ಮನೆಯ ನಂಜಮ್ಮನ ಜೊತೆ ಮಾರ್ಕೆಟ್ಟಿಗೆ ಹೋದಳು. ತಲೆಸ್ನಾನವಾದ ಮೇಲೆ ಅತ್ತೆ ಕೂದಲಿಗೆ ಹೊಗೆ ಹಾಕಿಕೊಳ್ಳುತ್ತಿದ್ದ ಕೆಂಡದ ಮಡಕೆ ಮತ್ತು ಅದರ ಮೇಲೆ ಕವುಚುವ ಬಿದಿರು ಬುಟ್ಟಿಯನ್ನು ಅಟ್ಟದಿಂದ ಇಳಿಸಿದೆ. ಬ್ಯಾಟರಿ, ಡಿಸ್ಕ್ ತೆಗೆದಿಟ್ಟು, ಚಿಪ್ಪಿದ್ದ ಬೋರ್ಡನ್ನು ಬುಟ್ಟಿಯ ಮೇಲೆ ಮಲಗಿಸಿದೆ. ಇಲ್ಲಿ ನಡೆದ ಅಚಾತುರ್ಯವನ್ನು ವಿನಯಪೂರ್ವಕವಾಗಿ ನಿವೇದಿಸಿಕೊಳ್ಳುತ್ತೇನೆ. ಕೆಂಡ ಕೆಂಪಗಾದ ಕೂಡಲೇ ನನ್ನ ಕೈ ತಾನಾಗಿಯೇ ಒಂದು ಚಿಟಿಕೆ ಸಾಂಬ್ರಾಣಿ ಹಾಕಿಬಿಟ್ಟಿತು! ಕೆಂಡ ಕಂಡರೆ ಸಾಂಬ್ರಾಣಿ ಹಾಕಬೇಕೆಂದು ಕಲಿಸಿದವರೂ ಅತ್ತೆಯೇ.

ಡಿಸ್ಕನ್ನೂ ಸೇರಿಸಿ ಹೇಗೋ ಜೋಡಿಸಿದೆ. ಮೂರು ಸ್ಕ್ರೂ ಮಿಕ್ಕವು, ಬ್ಯಾಟರಿಯನ್ನು ಮರೆತೆ. ವೈರು ಸಿಕ್ಕಿಸಿ ಗುಂಡಿ ಒತ್ತಿದೆ. ಒಳಗಿನ ಫ್ಯಾನು ನಿಟ್ಟುಸಿರಿಟ್ಟಿತು. ತೂತುಗಳಿಂದ ಹೊಗೆ ಬಂತು. ಕೋಣೆಯಲ್ಲಿ ಅತ್ತೆಯ ಕೂದಲಿನ ವಾಸನೆ! ದೀಪ ಹಚ್ಚಿರಲಿಲ್ಲ. ಕಪ್ಪು ಪರದೆಯಲ್ಲಿ ಮೊದಲು ವಿಭೂತಿ ಕಂಡಿತು, ಆಮೇಲೆ ಕಣ್ಣು, ಆಮೇಲೆ ತುಟಿ. ತುಟಿ ಅಲುಗುತ್ತಿತ್ತು. ಫೋಟೋವನ್ನು ನಾನಿನ್ನೂ ತೆರೆದೇ ಇರಲಿಲ್ಲ! ಲ್ಯಾಪ್‌ಟಾಪ್ ಶುರುವಾದ ಕೂಡಲೇ ಕಾಣುವಂತೆ ಗಿರಿಜೆ ಅದನ್ನೇ ವಾಲ್‌ಪೇಪರ್ ಮಾಡಿಟ್ಟಿದ್ದಳೆಂಬುದು ಆ ಗಳಿಗೆಯಲ್ಲಿ ನೆನಪಾಗಬೇಕಲ್ಲ!

"ಅಯ್ಯೋ ಶಿವನೇ! ನಿಮ್ಮವ್ವ ಬಂದ್ಬುಟ್ಟವ್ರೆ ಕಣಮ್ಮ ಗಿರಿಜಾ!" ಬಾಗಿಲಲ್ಲಿ ನಂಜಮ್ಮನ ಚೀಲ ಬಿತ್ತು. ಟೊಮೇಟೊ ಉರುಳಿ ನನ್ನ ಕಾಲಿಗೆ ತಗುಲಿತು.

"ಅಮ್ಮಾ..." ಎಂದಳು ಗಿರಿಜೆ. ಮರುಕ್ಷಣವೇ, "ರೀ, ಪೆನ್‌ಡ್ರೈವ್ ಹಾಕ್ರೀ, ಬೇಗ!"

ಅತ್ತೆ ಎದುರಿಗೆ ಬಂದರೆ ಎದ್ದು ನಿಲ್ಲುವುದು ಮದುವೆಯಾದಾಗಿನಿಂದ ನನ್ನ ಅಭ್ಯಾಸ. ಎದ್ದು ನಿಂತೆ. ಕೈಮುಗಿದೆ. ಹಿಂದಕ್ಕೂ ಸರಿದೆ. ಕಾಲಿಗೆ ವೈರು ಸಿಕ್ಕಿ ಕಿತ್ತು ಬಂತು! ಅತ್ತೆ ಹೊರಟುಹೋದರು, ಕಣ್ಣು ಕೊನೆಯಲ್ಲಿ. ಮತ್ತೆಷ್ಟು ಒತ್ತಿದರೂ ಬರಲಿಲ್ಲ.

ಗಿರಿಜೆ ಅಲ್ಲೇ ಕುಸಿದು ಅತ್ತಳು. ಸ್ವಲ್ಪ ಹೊತ್ತಿನ ಮೇಲೆ ಕಣ್ಣೊರೆಸಿಕೊಂಡು ಕೇಳಿದಳು:

"ಫೋಟೋ ಇರೋದು ಚಿಪ್ಪಲ್ಲೋ, ಡಿಸ್ಕಲ್ಲೋ?"

"ಡಿಸ್ಕಲ್ಲಿ."

"ಅದನ್ನೂ ಸುಟ್ರಾ?"

"ಛೆ, ಅದನ್ನ ಜೋಪಾನವಾಗಿ ಮೊದಲೇ ತೆಗೆದಿಟ್ಟಿದ್ದೆ."

"ತೆಗೆದಿದ್ದನ್ನ ಹಾಗೇ ಬೇರೆ ಕಂಪ್ಯೂಟರಿಗೆ ಹಾಕಿಸಿದ್ರೆ ಆಗ್ತಿರ್ಲಿಲ್ವಾ?"

ಆಗುತ್ತಿತ್ತು! ಅಂಗಡಿಯಲ್ಲಿ ಕಾಫಿ ಕುಡಿಯುವಷ್ಟರಲ್ಲಿ ಆಯಿತು ಕೂಡ.

ವರ್ಷದ ಕಾರ್ಯದ ದಿನ ಫೋಟೋಗೆ ಹಾರ ಬಿತ್ತು. ಗಿರಿಜೆ ಅದರ ಮುಂದೆ ತುಂಬ ಹೊತ್ತು ಕೂತಿದ್ದಳು. ನಂಜಮ್ಮ ನನ್ನ ಕಿವಿಯ ಹತ್ತಿರ ಬಂದು, "ಚೆಂದಾಗದೆ, ಆದ್ರೆ ಅವತ್ತಿನ ಕಳೆ ಇಲ್ಲ. ನಮ್ಮೆಜಮಾನ್ರ ಫೋಟೋ ಕೊಡ್ತೀನಿ, ಅಂಗೇ ಒಂದ್ಸಲ ಕರೆಸ್ಕೊಡಿ" ಎಂದರು.

ಫೋಟೋ ಈಗ ನನ್ನ ಕುರ್ಚಿಯ ಎದುರಿಗೇ ಇದೆ. ತೆಗೆದವನು ನಾನೇ ಆದ್ದರಿಂದ ಅತ್ತೆ ನೋಡುತ್ತಿರುವುದೂ ನನ್ನನ್ನೇ. ಸಂಜೆ ಗಿರಿಜೆ ಸಾಂಬ್ರಾಣಿ ಹಾಕಿದಾಗ ಆ ತುಟಿ ಅಲುಗಿದಂತಾಗುತ್ತದೆ. ಕುರ್ಚಿ ಖಾಲಿಯಿರುತ್ತದೆ. ಪೇಪರನ್ನು ನಾನು ನಿಂತೇ ಓದುತ್ತೇನೆ.