ಮೂರು ಊರು ಕೂಡಿಸಿದ ಹಾಡು

ಸದ್ದು ಬೆರೆಸುವ ಮಿಕ್ಸರ್ ಹಿಡಿದವನಿಗೆ ನಗುವಿಗೆ ಬರವಿಲ್ಲ. ಟೇಪಿಗೆ ಹಾಡು ಹಿಡಿಯಲು ಹೋದರೆ ಜೊತೆಗೆ ಮನೆಮಂದಿಯೂ ಸಿಕ್ಕಿಬೀಳುತ್ತಾರೆ. ಅರವತ್ತರ ದಶಕದಲ್ಲಿ ಸಾಗರದಲ್ಲಿ ನನ್ನದೊಂದು ರೇಡಿಯೋ ರಿಪೇರಿ ಅಂಗಡಿ. ಹೊಸನಗರದ ಹೆಡ್‌ಮಾಸ್ಟರೊಬ್ಬರು ತೀರ್ಥಹಳ್ಳಿಯಲ್ಲಿ ನಾಟಕ ಆಡುವವರಿದ್ದರು. ದೇವಿಯ ಹಾಡಿಗೆ ಒಬ್ಬ ಅಜ್ಜಿ, ಹಾರ್ಮೋನಿಯಂ ಭಟ್ಟರು, ಮೃದಂಗದವರು ಬೇಕಿತ್ತು. ಮೂವರೂ ಮೂರು ಊರಿನವರು, ಒಂದೇ ದಿನ ಸಿಗುವ ಹಾಗಿರಲಿಲ್ಲ. "ಬೇರೆ ಬೇರೆ ಹಿಡಿದು ಕೂಡಿಸಿ ಕೊಡ್ತೀನಿ" ಅಂದುಬಿಟ್ಟೆ. ಇದ್ದದ್ದು ಎರಡು ಟೇಪ್ ರೆಕಾರ್ಡರ್, ನಾನೇ ಕಟ್ಟಿದ ಒಂದು ಮಿಕ್ಸರ್. ಅಂಥ ಕೆಲಸ ಅದುವರೆಗೆ ಮಾಡಿದವನಲ್ಲ. ಕೆಟ್ಟರೆ ನನ್ನನ್ನು ನಂಬಿದವರ ಮರ್ಯಾದೆಯೂ ಹೋಗುತ್ತಿತ್ತು, ನನ್ನ ಅಂಗಡಿಯೂ ಮುಚ್ಚುತ್ತಿತ್ತು.

ನಿಲ್ಲದ ಅಜ್ಜಿ

ಅಜ್ಜಿಯ ಹಾಡು ಮೊದಲು ಹಿಡಿದೆ. ಮರುವಾರ ಭಟ್ಟರ ಕಿವಿಗೆ ಹೆಡ್‌ಫೋನ್ ಹಾಕಿ, "ಟೇಪಿನಲ್ಲಿ ಅಜ್ಜಿ ಹಾಡ್ತಾರೆ, ನೀವು ಜೊತೆಗೆ ನುಡಿಸಿ. ಎರಡೂ ಸೇರಿ ಇನ್ನೊಂದು ಟೇಪಿಗೆ ಹೋಗ್ತದೆ" ಎಂದೆ. ಚರಣ ಮುಗಿದಾಗ ಹಾಡುವವರು ಉಸಿರು ತೆಗೆದುಕೊಳ್ಳಲಿ ಎಂದು ತಾವೇ ಒಂದು ಸುತ್ತು ನುಡಿಸುವುದು ಭಟ್ಟರ ಪದ್ಧತಿ. ಅಷ್ಟರಲ್ಲಿ ಟೇಪಿನ ಅಜ್ಜಿ ಮುಂದಿನ ಚರಣಕ್ಕೆ ಹೋಗಿಯಾಗಿತ್ತು.

"ಸ್ವಲ್ಪ ತಡ್ಕೊಳ್ಳೋಕೆ ಹೇಳು ಮಾರಾಯಾ ಅವ್ರಿಗೆ!"

"ಭಟ್ರೇ, ಅವ್ರು ಹೋದ ವಾರವೇ ಹಾಡಿ ಮುಗಿಸಿದಾರೆ."

"ಕಡೇ ಬಸ್ಸು ಹಿಡೀಬೇಕಿತ್ತೇನೋ, ಪಾಪ" ಎಂದರು ಭಟ್ಟರು.

ಪೆಟ್ಟಿಗೆಗೆ ಜೀವ

ಭಟ್ಟರಿಗೆ ತಮ್ಮ ಹಾರ್ಮೋನಿಯಂ ಪೆಟ್ಟಿಗೆ ಎಷ್ಟು ಕೇಳಿಸಿದರೂ ಸಾಲದು. ನಾನು ಆಚೆ ತಿರುಗಿದರೆ ಸಾಕು, ಮಿಕ್ಸರಿನ ನಾಬು ತಿರುವಿ ಅಜ್ಜಿಯನ್ನು ಮುಳುಗಿಸುತ್ತಿದ್ದರು. ಕೊನೆಗೆ ದೊಡ್ಡದೊಂದು ನಾಬು ಕೂರಿಸಿ, "ಇದು ನಿಮ್ದೇ" ಎಂದೆ. ಪೂರ್ತಿ ತಿರುವಿ, "ಈಗ ನೋಡು, ಜೀವ ಬಂತು!" ಎಂದು ಕಣ್ಣುಮುಚ್ಚಿ ನುಡಿಸಿದರು. ಅಷ್ಟು ಚೆನ್ನಾಗಿ ಅವರು ಯಾವತ್ತೂ ನುಡಿಸಿರಲಿಲ್ಲ. ದೇವರಾಣೆ, ಆ ನಾಬಿಗೆ ತಂತಿಯೇ ಇರಲಿಲ್ಲ.

ದೇವಿಯ ಮಾತು

ಮೃದಂಗ ಕೂಡಿಸಿದ್ದು ಹೆಡ್‌ಮಾಸ್ಟರ ಮನೆಯಲ್ಲೇ; ಅವರೂ ಪಕ್ಕದಲ್ಲೇ ಕೂತಿದ್ದರು. ಮನೆಗೆ ಬಂದವರಿಗೆ ಬಾಯಾರಿಕೆ ಕೇಳದೆ ಇರುವುದುಂಟೆ? ಹಾಡು ಮುಗಿದು ಮೃದಂಗದವರು ಮುಕ್ತಾಯ ಬಾರಿಸುತ್ತಿದ್ದಾಗ ಹೆಡ್‌ಮಾಸ್ಟರ ಹೆಂಡತಿ ಬಾಗಿಲು ತೆಗೆದು, "ಕಾಫಿ ಕುಡೀತೀರಾ, ಕಷಾಯ ಮಾಡ್ಲಾ?" ಎಂದರು. ಮೈಕು ಅದನ್ನೂ ಹಿಡಿಯಿತು. ಮೃದಂಗದವರಿಗೆ ಇನ್ನೊಮ್ಮೆ ಬಾರಿಸಲು ಪುರುಸೊತ್ತಿರಲಿಲ್ಲ. ನಾಟಕದ ದಿನ ಆ ಜಾಗದಲ್ಲಿ ಸದ್ದು ಇಳಿಸಿದರಾಯಿತು ಎಂದುಕೊಂಡೆ.

ತೀರ್ಥಹಳ್ಳಿಯಲ್ಲಿ ತಪಸ್ವಿ ವೇಷದ ಹೆಡ್‌ಮಾಸ್ಟರು ಕಣ್ಣುಮುಚ್ಚಿ ಕೂತು, "ತಾಯೇ, ಒಂದು ಮಾತಾಡು!" ಎಂದು ಬೇಡಿದರು. ಅಜ್ಜಿಯ ಹಾಡು ಶುರುವಾಯಿತು. ಮೂವರೂ ಒಟ್ಟಿಗೆ ಕೂತು ಹಾಡಿದ ಹಾಗೇ ಇತ್ತು. ಸಂತೋಷಕ್ಕೆ ನನ್ನ ಕಣ್ಣು ತುಂಬಿ, ಸದ್ದು ಇಳಿಸುವುದೇ ಮರೆತುಹೋಯಿತು. ದೇವಿ ಕೇಳಿಯೇಬಿಟ್ಟಳು: "ಕಾಫಿ ಕುಡೀತೀರಾ, ಕಷಾಯ ಮಾಡ್ಲಾ?"

ನಾನು ನಾಬಿಗೆ ಕೈಹಾಕುವಷ್ಟರಲ್ಲಿ ಮಾತು ಮುಗಿದೇಹೋಗಿತ್ತು. ಹೆಡ್‌ಮಾಸ್ಟರು ಕಣ್ಣು ಕೂಡ ತೆರೆಯದೆ, "ತಾಯೇ, ನನ್ನನ್ನೇಕೆ ಪರೀಕ್ಷಿಸುತ್ತೀ? ತಪಸ್ಸು ಮುಗಿಯುವ ತನಕ ನನಗೇನೂ ಬೇಡ!" ಎಂದರು. ಚಪ್ಪಾಳೆಯೋ ಚಪ್ಪಾಳೆ. ನನ್ನ ಅಂಗಡಿ ಉಳಿದದ್ದು ಆ ಒಂದು ಮಾತಿನಿಂದ; ಇವತ್ತಿಗೂ ಅವರನ್ನು ನೆನೆಸಿಕೊಂಡು ಕೈಮುಗಿಯುತ್ತೇನೆ.

ಚಪ್ಪಾಳೆ ನಿಂತಿತು. ಹೆಂಗಸರ ಸಾಲಿನಿಂದ ಅದೇ ದೇವಿಯ ದನಿ ಕೇಳಿತು: "ಸುಳ್ಳು! ಅವತ್ತು ಎರಡು ಲೋಟ ಕುಡ್ದಿದಾರೆ!"